ಬೀಟ್ ಬುಟ್ಟಿ ಮತ್ತು ನನ್ನ ಅವಸರ

ಚಳಿಗಾಲದಲ್ಲಿ ಕುರಿಗಳಿಗೆ ಗೆಡ್ಡೆ ಹಾಕೋಣ ಅಂತ ಶುರು ಮಾಡಿದ ಮೊದಲ ವರ್ಷ ನಾನು ಮಾಡಿದ್ದು ಬರೀ ಅವಸರ. ಮೇವಿನ ಬೀಟನ್ನು ಬುಟ್ಟಿಗಟ್ಟಲೆ ಸುರಿದೆ. ಮುಗಿಬಿದ್ದು ತಿಂದವು. ಮರುದಿನ ಬೆಳಿಗ್ಗೆ ಎರಡು ಕುರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಮೆಲುಕು ಇಲ್ಲ, ಅದರ ಜೊತೆಗೆ ಭೇದಿ. ಬೀಟ್‌ನಲ್ಲಿ ಸಕ್ಕರೆ ಜಾಸ್ತಿ, ಒಮ್ಮೆಲೇ ಹೊಟ್ಟೆಗೆ ಹೋದರೆ ಒಳಗೆ ಹುಳಿಯಾಗುತ್ತದೆ. ಬದುಕಿಕೊಂಡವು, ಪುಣ್ಯ. ಈಗ ಎರಡು ಮೂರು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇನೆ. ಮೊದಲು ಒಣಹುಲ್ಲು, ಆಮೇಲೆ ಗೆಡ್ಡೆ.

ಮೂಲಂಗಿಯಂಥ ಇನ್ನೊಂದು ಗೆಡ್ಡೆ ಟರ್ನಿಪ್‌ಗೆ ಅಷ್ಟು ಹೆದರಬೇಕಿಲ್ಲ. ಅದರಲ್ಲಿ ನೂರಕ್ಕೆ 90ರಷ್ಟು ನೀರೇ. ಆದರೆ ಸುಮ್ನೆ ಅದನ್ನೇ ನಂಬಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಗಬ್ಬದ ಕುರಿಗೆ ಹಿಂಡಿಯೂ ಬೇಕು.

ನನ್ನ ಮುದಿ ಕುರಿಯೊಂದಕ್ಕೆ ಕೆಳಗಿನ ಮುಂಬಲ್ಲುಗಳು ಉದುರಿವೆ. ಮೇಲೆ ಹೇಗೂ ಕುರಿಗಳಿಗೆ ಮುಂಬಲ್ಲೇ ಇರುವುದಿಲ್ಲ, ಅಲ್ವಾ? ಇಡೀ ಗೆಡ್ಡೆ ಹಾಕಿದರೆ ಕಚ್ಚಲಾಗದೆ ಮೂತಿಯಿಂದ ಉರುಳಿಸುತ್ತಾ ಹೋಗುತ್ತದೆ. ಅದಕ್ಕೆಂದೇ ಬೆರಳಿನ ಹಾಗೆ ಉದ್ದುದ್ದ ಸೀಳಿ ಹಾಕುತ್ತೇನೆ. ದುಂಡನೆಯ ತುಂಡಾದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಕತ್ತಿಯ ಸದ್ದು ಕೇಳಿದರೆ ಸಾಕು, ಬಂದು ನನ್ನ ಮೊಣಕಾಲಿಗೆ ಗುದ್ದುತ್ತದೆ.