ಹತ್ತು ನಿಮಿಷ ಗಂಡಸಾಗಿ ಇಳಿಸಿದ ಕೊಬ್ಬು

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಹತ್ತು ನಿಮಿಷದ ಮಟ್ಟಿಗೆ ಗಂಡಸಾದೆ. ತೂಕದ ಮಷೀನಿನ ಆ್ಯಪ್ ತೆಗೆದು, ‘ಮಹಿಳೆ’ ಅಂತ ಇದ್ದದ್ದನ್ನು ‘ಪುರುಷ’ ಅಂತ ಮಾಡಿ, ಬರಿಗಾಲಲ್ಲಿ ಮತ್ತೆ ಹತ್ತಿ ನಿಂತೆ. ತೂಕ ಅಷ್ಟೇ, 68 ಕಿಲೋ. ಆದರೆ 35 ಇದ್ದ ಬಾಡಿ ಫ್ಯಾಟ್, ಅಂದರೆ ತೂಕದಲ್ಲಿ ಕೊಬ್ಬಿನ ಶೇಕಡಾ, 26ಕ್ಕೆ ಇಳಿದಿತ್ತು. ಮತ್ತೆ ಹೆಂಗಸಾಗಿ, ‘ಅಥ್ಲೀಟ್’ ಅನ್ನೋ ಗುಂಡಿ ಒತ್ತಿದೆ. 29. ಎತ್ತರ ನಾಲ್ಕು ಸೆಂಟಿಮೀಟರ್ ಏರಿಸಿದೆ. ಇನ್ನೂ ಸ್ವಲ್ಪ ಕರಗಿತು. ಏಳು ತಿಂಗಳು ಬೆವರು ಸುರಿಸಿ ಇಳಿಸಿದ್ದಕ್ಕಿಂತ ಜಾಸ್ತಿ ಶೇಕಡಾವನ್ನು ಹಲ್ಲು ಕೂಡ ಉಜ್ಜದೆ ಇಳಿಸಿಬಿಟ್ಟಿದ್ದೆ.

ಹುಚ್ಚಾಟ ಅಂತ ಅನ್ನಿಸಬಹುದು. ಆದರೆ ಅವತ್ತೇ ನನಗೆ ಒಂದು ಮಾತು ಖಾತ್ರಿ ಆಯಿತು. ಈ ಮಷೀನು ನನ್ನ ಕೊಬ್ಬನ್ನು ಒಂದು ದಿನವೂ ನೋಡಿಯೇ ಇಲ್ಲ.

ಅದು ಮಾಡುವುದು ಇಷ್ಟೇ. ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಒಂದು ಪಾದದಿಂದ ಹತ್ತಿಸಿ ಇನ್ನೊಂದು ಪಾದದಿಂದ ಇಳಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆ ಜಾಸ್ತಿ. ಎಷ್ಟು ತಡೆ ಸಿಕ್ಕಿತು ಅನ್ನುವುದು ಅದಕ್ಕೆ ಗೊತ್ತಾಗುತ್ತದೆ, ತೂಕ ಗೊತ್ತಾಗುತ್ತದೆ. ಉಳಿದದ್ದೆಲ್ಲ ನಾವು ತುಂಬಿಸಿಕೊಟ್ಟದ್ದು: ವಯಸ್ಸು, ಎತ್ತರ, ಗಂಡೋ ಹೆಣ್ಣೋ. ಇವನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ‘ಇಂಥವರಿಗೆ ಸಾಮಾನ್ಯವಾಗಿ ಇಷ್ಟಿರುತ್ತದೆ’ ಅಂತ ಹೇಳುತ್ತದೆ. ಅಷ್ಟು ಹೇಳಿ ಸುಮ್ಮನಿರಲ್ಲ, ದಶಮಾಂಶ ಬೇರೆ! 38.4 ಅಂತ ತೋರಿಸಿದಾಗ ಆ ನಾಲ್ಕನ್ನೂ ನಾನು ನಂಬಿದ್ದೆ. ಇನ್ನೊಂದು ತಮಾಷೆ ಅಂದರೆ, ಪಾದದಿಂದ ಪಾದಕ್ಕೆ ಹೋಗುವ ಕರೆಂಟು ಹೆಚ್ಚಾಗಿ ಕಾಲುಗಳಲ್ಲೇ ಸುತ್ತಿ ಬರುತ್ತದೆ. ನನ್ನ ತಾಪತ್ರಯವೆಲ್ಲ ಇರುವುದು ಹೊಟ್ಟೆಯಲ್ಲಿ.

ಶುರುವಿನಿಂದ ಹೇಳುತ್ತೇನೆ. ನನಗೆ 41 ವರ್ಷ, ಎತ್ತರ 162 ಸೆಂಟಿಮೀಟರ್, ಶುರು ಮಾಡಿದಾಗ ತೂಕ 78 ಕಿಲೋ. ಮಷೀನು ಹೇಳಿದ ಬಾಡಿ ಫ್ಯಾಟ್ 40. ಅಂದರೆ 31.2 ಕಿಲೋ ಕೊಬ್ಬು, 46.8 ಕಿಲೋ ಉಳಿದದ್ದು. ಊಟ ಕಮ್ಮಿ ಮಾಡಿದೆ, ನಡೆದೆ. ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತು. ಕುಣಿದಾಡಬೇಕು ಅಂತಿದ್ದವಳು ಬಾಡಿ ಫ್ಯಾಟ್ ನೋಡಿ ಅಲ್ಲೇ ಕೂತೆ. 40.5. ಏರಿತ್ತು! ವಾರವಿಡೀ ಅರೆಹೊಟ್ಟೆಯಲ್ಲಿದ್ದು ಕೊಬ್ಬು ಬೆಳೆಸಿಕೊಂಡೆನಾ?

ಕಾಗದ ಪೆನ್ನು ತಗೊಂಡು ಕೂತ ಮೇಲೆ ಗೊತ್ತಾಯಿತು. 76 ಕಿಲೋದಲ್ಲಿ 40.5 ಶೇಕಡಾ ಅಂದರೆ 30.8 ಕಿಲೋ. ಕೊಬ್ಬು 400 ಗ್ರಾಂ ಇಳಿದಿದೆ. ಆದರೆ ಅದರ ಜೊತೆಗೆ ಬೇರೆ ಒಂದೂವರೆ ಕಿಲೋ ಹೋಗಿದೆ, ಹೆಚ್ಚಾಗಿ ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಮ್ಮಿ ಆದಾಗ ದೇಹ ಮೊದಲು ಕೈ ಹಾಕುವುದು ಈ ದಾಸ್ತಾನಿಗೆ. ಅದು ಖರ್ಚಾದ ಹಾಗೆ ನೀರೂ ಹೊರಟು ಹೋಗುತ್ತದೆ. ಇದನ್ನು ಶಾಲೆಯಲ್ಲಿ ಭಿನ್ನರಾಶಿ ಅಂತ ಓದಿದ್ದೆವಲ್ಲ, ಅದೇ. ಮೇಲಿನ ಸಂಖ್ಯೆಯೂ ಇಳಿಯಿತು, ಕೆಳಗಿನದೂ ಇಳಿಯಿತು. ಕೆಳಗಿನದು ಜೋರಾಗಿ ಇಳಿದದ್ದಕ್ಕೆ ಶೇಕಡಾ ಮೇಲೆ ಹೋಯಿತು. ಕೊಬ್ಬು ಕರಗುತ್ತಿರುವಾಗಲೇ ಬಾಡಿ ಫ್ಯಾಟ್ ಏರಬಹುದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಒಂದು ದಿನದ ಅಳು ಉಳಿಯುತ್ತಿತ್ತು.

ಅವತ್ತಿನಿಂದ ಶೇಕಡಾವನ್ನು ಹಾಗೇ ಓದುವುದು ಬಿಟ್ಟೆ. ಕಿಲೋಗೆ ಬದಲಾಯಿಸಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಬರೆಯುತ್ತೇನೆ. ‘ಕೊಬ್ಬು’, ‘ಮಿಕ್ಕಿದ್ದು’. ಈ ‘ಮಿಕ್ಕಿದ್ದು’ ಕಾಲಂ ಮೂರು ತಿಂಗಳಿಗೆ ನನ್ನ ಕಣ್ಣು ತೆರೆಸಿತು. ಆಗ ತೂಕ 72, ಬಾಡಿ ಫ್ಯಾಟ್ 38.5. ಎಲ್ಲರೂ ‘ಆರು ಕಿಲೋ ಇಳಿಸಿದ್ದೀಯ, ಭೇಷ್’ ಅಂದರು. ನೋಟ್‌ಬುಕ್ಕು ಬೇರೆ ಹೇಳುತ್ತಿತ್ತು. ಕೊಬ್ಬು 27.7ಕ್ಕೆ ಬಂದಿದೆ, ಅಂದರೆ ಹೋದದ್ದು ಮೂರೂವರೆ ಕಿಲೋ. ಮಿಕ್ಕಿದ್ದು 44.3ಕ್ಕೆ ಬಂದಿದೆ, ಎರಡೂವರೆ ಕಿಲೋ ಹೋಗಿದೆ. ಇದರಲ್ಲಿ ನೀರು ಎಷ್ಟು, ಸ್ನಾಯು ಎಷ್ಟು ಅಂತ ಮಷೀನು ಬಿಡಿಸಿ ಹೇಳಲಾರದು. ತೂಕ ಇಳಿಸುವಾಗ ಕಾಲು ಭಾಗದಷ್ಟು ಕೊಬ್ಬಲ್ಲದ್ದು ಹೋಗುವುದು ಮಾಮೂಲಿ. ನನ್ನದು ಹತ್ತಿರ ಹತ್ತಿರ ಅರ್ಧಕ್ಕೆ ಬಂದಿತ್ತು. ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿದ್ದದ್ದು ಯಾಕೆ ಅಂತ ಆಗ ಅರ್ಥ ಆಯಿತು.

ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ ಭಾರ ಎತ್ತಲು ಶುರು ಮಾಡಿದೆ. ಊಟದಲ್ಲಿ ಪ್ರೋಟೀನ್ ಜಾಸ್ತಿ ಮಾಡಿದೆ, ಹಸಿವು ತಡೆದುಕೊಂಡು ಮಲಗುವ ವ್ರತ ಬಿಟ್ಟೆ. ಮುಂದಿನ ನಾಲ್ಕು ತಿಂಗಳಲ್ಲಿ ಇಳಿದದ್ದು ಬರೀ ನಾಲ್ಕು ಕಿಲೋ. 68, ಬಾಡಿ ಫ್ಯಾಟ್ 35. ಯಾರೂ ಭೇಷ್ ಅನ್ನಲಿಲ್ಲ. ಲೆಕ್ಕ ಹಾಕಿದರೆ ಕೊಬ್ಬು 23.8, ಮಿಕ್ಕಿದ್ದು 44.2. ಹೋದದ್ದು ಬಹುಪಾಲು ಕೊಬ್ಬೇ. ಆರು ಕಿಲೋಗಿಂತ ಈ ನಾಲ್ಕು ಕಿಲೋ ಬಗ್ಗೆ ನನಗೆ ಹೆಮ್ಮೆ.

(ಆ ಕೊಬ್ಬು ಎಲ್ಲಿಗೆ ಹೋಯಿತು ಅಂತ ಮಗಳು ಕೇಳಿದಳು. ಬೆವರಿನಲ್ಲಿ ಅಂದುಕೊಂಡಿದ್ದೆ. ಅಲ್ಲವಂತೆ. ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. 2014ರಲ್ಲಿ ಇಬ್ಬರು ವಿಜ್ಞಾನಿಗಳು ಈ ಲೆಕ್ಕ ಪ್ರಕಟಿಸಿದ್ದಾರೆ. ‘ಹಾಗಾದ್ರೆ ಜೋರಾಗಿ ಉಸಿರಾಡು’ ಅಂದಳು ಮಗಳು. ಅದರಿಂದ ಬರುವುದು ತಲೆಸುತ್ತು ಮಾತ್ರ.)

ಈ ನಡುವೆ, ತೂಕ 72 ಇದ್ದಾಗ, ಜಿಮ್‌ನಲ್ಲಿ ಒಂದು ಪ್ರಸಂಗ ಆಯಿತು. ಅಲ್ಲಿ ಒಬ್ಬ ಕೋಚ್ ಕ್ಯಾಲಿಪರ್ (ಚರ್ಮದ ಮಡಿಕೆಯ ದಪ್ಪ ಅಳೆಯುವ ಚಿಮಟದಂಥ ಸಾಧನ) ಹಿಡಿದು ನನ್ನ ತೋಳಿನ ಹಿಂಭಾಗ, ಸೊಂಟದ ಮೂಳೆಯ ಮೇಲೆ, ತೊಡೆ, ಈ ಮೂರು ಕಡೆ ಚರ್ಮ ಚಿವುಟಿ ಅಳೆದು 33 ಅಂದರು. ಮುಂದಿನ ವಾರ ಅವರು ರಜೆ. ಇನ್ನೊಬ್ಬರು ಚಿವುಟಿದರು. 36. ‘ಈ ವಾರ ಏನು ಮೇಡಂ, ಜೋರಾಗೇ ತಿಂದಿದ್ದೀರಾ’ ಅಂದರು, ಎಲ್ಲರ ಎದುರಿಗೆ. ನಾನು ತಲೆ ತಗ್ಗಿಸಿ ಬಂದೆ.

ಮನೆಗೆ ಬಂದು ಲೆಕ್ಕ ಹಾಕಿದೆ. 72 ಕಿಲೋದಲ್ಲಿ ಮೂರು ಶೇಕಡಾ ಅಂದರೆ ಎರಡು ಕಿಲೋಗೂ ಮೇಲೆ ಕೊಬ್ಬು. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಬೇಕು. ಅಂದರೆ ವಾರದಲ್ಲಿ 16,000ಕ್ಕೂ ಮೇಲೆ ಹೆಚ್ಚುವರಿ. ದಿನಾ ಎರಡು ಜನರ ಊಟ ಉಂಡಿರಬೇಕು. ನಾನು ಉಂಡಿರಲಿಲ್ಲ, ನನಗೆ ಗೊತ್ತಲ್ವಾ? ಬದಲಾದದ್ದು ಚಿವುಟಿದ ಬೆರಳು. ಒಂದು ಸೆಂಟಿಮೀಟರ್ ಆಚೀಚೆ ಚಿವುಟಿದರೂ ಚರ್ಮದ ಮಡಿಕೆಯ ದಪ್ಪ ಬದಲಾಗುತ್ತದೆ. ಕ್ಯಾಲಿಪರ್ ಒಳ್ಳೆಯ ಸಾಧನವೇ, ಆದರೆ ಪ್ರತಿ ಸಲ ಅದೇ ಕೈ ಆಗಬೇಕು.

ಆ ಸಿಟ್ಟಿನಲ್ಲಿ ಈ ಲೆಕ್ಕಗಳೆಲ್ಲ ಎಲ್ಲಿಂದ ಹುಟ್ಟಿದವು ಅಂತ ಹುಡುಕಿಕೊಂಡು ಹೋದೆ. ಸಿಕ್ಕಿದ್ದು ನೀರಿನ ತೊಟ್ಟಿ. ಆಲ್ಬರ್ಟ್ ಬೆನ್ಕಿ ಅಂತ ಅಮೆರಿಕದ ನೌಕಾಪಡೆಯ ಡಾಕ್ಟರು. ಮುಳುಗುಗಾರರ ಆರೋಗ್ಯ ಅವರ ವಿಷಯ. ಆಳದಲ್ಲಿ ಉಸಿರಾಡಿದ ನೈಟ್ರೋಜನ್ ಕೊಬ್ಬಿನಲ್ಲಿ ಜಾಸ್ತಿ ಕರಗುವುದರಿಂದ ಯಾರ ಮೈಯಲ್ಲಿ ಎಷ್ಟು ಕೊಬ್ಬಿದೆ ಅನ್ನುವುದು ಅವರಿಗೆ ಬೇಕಾಗಿತ್ತು. ಅವರು ಜನರನ್ನು ನೀರಿನೊಳಗೆ ತೂಗಿದರು. ಕೊಬ್ಬು ತೇಲುತ್ತದೆ, ಸ್ನಾಯು ಮೂಳೆ ಮುಳುಗುತ್ತವೆ, ಆರ್ಕಿಮಿಡೀಸನ ಲೆಕ್ಕವೇ. 1942ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರರಿದ್ದರು. ಎತ್ತರ ತೂಕದ ಪಟ್ಟಿಯ ಪ್ರಕಾರ ಅವರಲ್ಲಿ ಬಹಳ ಜನ ‘ದಪ್ಪ’, ಸೇನೆಗೆ ಲಾಯಕ್ಕಿಲ್ಲದವರು. ನೀರಿನಲ್ಲಿ ತೂಗಿದಾಗ ಮೈಯೆಲ್ಲ ಸ್ನಾಯು! ತೂಕ ಒಂದೇ ಸಾಲದು ಅನ್ನುವ ಮಾತಿಗೆ ಅಷ್ಟು ಹಿಂದೆಯೇ ಪುರಾವೆ ಸಿಕ್ಕಿತ್ತು.

ಆಮೇಲೆ 1961ರಲ್ಲಿ ವಿಲಿಯಂ ಸಿರಿ ಅನ್ನುವವರ ಸೂತ್ರ ಬಂತು. 495ನ್ನು ದೇಹದ ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾ. ಕೊಬ್ಬಿನ ಸಾಂದ್ರತೆ 0.9, ಮಿಕ್ಕಿದ್ದೆಲ್ಲದರ ಸಾಂದ್ರತೆ 1.1 ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಎಲ್ಲರ ಮೂಳೆಯೂ ಒಂದೇ ಸಮ ಗಟ್ಟಿ ಇರುತ್ತದಾ? ಇಲ್ಲ. ಆದರೂ ಹಾಗೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಮುಂದೆ ಹೋಗಲ್ಲ. ಜಿಮ್‌ನ ಕ್ಯಾಲಿಪರ್ ಮಾಡುವುದೂ ಇದನ್ನೇ. ಚಿವುಟಿದ ದಪ್ಪದಿಂದ ಸಾಂದ್ರತೆಯನ್ನು ಅಂದಾಜು ಮಾಡಿ, ಆ ಅಂದಾಜಿನಿಂದ ಕೊಬ್ಬನ್ನು ಅಂದಾಜು ಮಾಡುವುದು.

ಒಂದು ಸಲ ಡೆಕ್ಸಾ ಸ್ಕ್ಯಾನ್ ಕೂಡ ಮಾಡಿಸಿಕೊಂಡೆ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಿಟ್ಟು ಮೂಳೆ, ಕೊಬ್ಬು, ಉಳಿದದ್ದು ಅಂತ ಮೂರು ಭಾಗ ಮಾಡಿ ತೋರಿಸುತ್ತದೆ. ಕೆಲವು ನಿಮಿಷ ಅಲ್ಲಾಡದೆ ಮಲಗಬೇಕು, ಅಷ್ಟೇ. ಅವತ್ತು ಬೆಳಿಗ್ಗೆ ಮನೆಯ ಮಷೀನು 38.5 ಹೇಳಿತ್ತು. ಡೆಕ್ಸಾ 41.6 ಅಂದಿತು. ಜಿಮ್‌ನ ಚಿವುಟಾಟ ಸೇರಿಸಿದರೆ ಒಂದೇ ದೇಹಕ್ಕೆ ಒಂದೇ ತಿಂಗಳಲ್ಲಿ 33, 36, 38.5, 41.6. ಇವುಗಳಲ್ಲಿ ಡೆಕ್ಸಾ ನಿಜಕ್ಕೆ ಹತ್ತಿರ ಇರಬಹುದು ಅಂತ ಒಪ್ಪುತ್ತೇನೆ. ಅದರಲ್ಲಿ ನನಗೆ ಉಪಯೋಗ ಆದದ್ದು ಒಟ್ಟು ಶೇಕಡಾ ಅಲ್ಲ, ಕೊಬ್ಬು ಎಲ್ಲೆಲ್ಲಿದೆ ಅನ್ನುವ ವಿವರ. ತೊಡೆಯ ಕೊಬ್ಬಿಗೂ ಹೊಟ್ಟೆಯೊಳಗೆ ಲಿವರ್ ಕರುಳಿನ ಸುತ್ತ ಕೂತ ಕೊಬ್ಬಿಗೂ ವ್ಯತ್ಯಾಸ ಇದೆ. ಡಯಾಬಿಟಿಸ್, ಹೃದಯದ ಕಾಯಿಲೆ ಇವಕ್ಕೆಲ್ಲ ಹೆಚ್ಚು ನಂಟು ಇರುವುದು ಎರಡನೆಯದಕ್ಕೆ.

ಹೆಂಗಸರಿಗೆ ಒಂದು ಮಾತು. ನನ್ನ ಗಂಡನಿಗೆ ಅದೇ ಮಷೀನು 22 ತೋರಿಸುತ್ತದೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆದರೆ ಗಂಡು ಹೆಣ್ಣಿನ ಲೆಕ್ಕ ಬೇರೆ. ಬರೀ ಬದುಕುವುದಕ್ಕೇ ಗಂಡಸರಿಗೆ ಮೂರು ಶೇಕಡಾ ಆಸುಪಾಸು ಕೊಬ್ಬು ಸಾಕಾದರೆ ಹೆಂಗಸರಿಗೆ 10ರಿಂದ 13 ಬೇಕು. ತೀರಾ ಕಮ್ಮಿ ಮಾಡಿಕೊಳ್ಳಲು ಹೋದರೆ ಮುಟ್ಟೇ ನಿಂತುಹೋಗಬಹುದು. ಫೋಟೋಗಳಲ್ಲಿ ಕಾಣುವ ಹೊಟ್ಟೆಯ ಗೆರೆಗಳನ್ನು ನೋಡಿ ಗುರಿ ಇಟ್ಟುಕೊಳ್ಳಬೇಡಿ.

ಕೊನೆಗೆ ನನಗೆ ಹೊಂದಿಕೊಂಡದ್ದು ಅಮ್ಮನ ಟೇಪು. ಅಮ್ಮ ಮೂವತ್ತು ವರ್ಷ ಟೈಲರ್ ಆಗಿದ್ದವರು. 1984ರಲ್ಲಿ ಹಾಜ್‌ಡನ್ ಮತ್ತು ಬೆಕೆಟ್ ಎಂಬ ಇಬ್ಬರು ಅಮೆರಿಕದ ನೌಕಾಪಡೆಗಾಗಿ ಒಂದು ವಿಧಾನ ಮಾಡಿದರು (ಮತ್ತೆ ನೌಕಾಪಡೆ, ನೋಡಿ). ಹೆಂಗಸರಿಗೆ ಸೊಂಟ, ಸೀಟು (ನಿತಂಬದ ಸುತ್ತಳತೆ), ಕತ್ತು, ಎತ್ತರ ಇಷ್ಟು ಸಾಕು. ಸೊಂಟ, ಸೀಟು ಕೂಡಿಸಿ ಕತ್ತನ್ನು ಕಳೆದು ಸೂತ್ರಕ್ಕೆ ಹಾಕಿದರೆ ಶೇಕಡಾ ಬರುತ್ತದೆ. ನನಗೆ ಒಂದು ಇಂಚು ವ್ಯತ್ಯಾಸ ಆದರೆ ಶೇಕಡಾ ಒಂದರಷ್ಟು ಬದಲಾಗುತ್ತದೆ. ಹಾಗಾಗಿ ಟೇಪು ಎಳೆದು ಹಿಡಿಯುವ ಆಸೆ ಸಹಜ. ಮೊದಲ ದಿನ ನಾನು ಅದನ್ನೇ ಮಾಡಿದೆ.

‘ಉಸಿರು ಬಿಡೇ. ಹೊಟ್ಟೆ ಒಳಗೆ ಎಳ್ಕೋಬೇಡ’ ಅಂದರು ಅಮ್ಮ. ‘ಅಳತೆ ಕೊಡೋವಾಗ ಹೊಟ್ಟೆ ಎಳ್ಕೊಂಡೋರೇ ಆಮೇಲೆ ಬಿಗಿ ಆಯ್ತು ಅಂತ ಜಗಳಕ್ಕೆ ಬರೋದು.’ ಟೇಪು ಮೈಗೆ ತಾಗಬೇಕು, ಚರ್ಮ ಒತ್ತಬಾರದು, ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ಇರಬೇಕು. ಮೂರು ಸಲ ಅಳೆದು ನಡುವಿನದನ್ನು ಬರೆದುಕೊಳ್ಳಬೇಕು. ಜಿಮ್‌ನಲ್ಲಿ ಯಾರೂ ನನಗೆ ಇಷ್ಟು ನಾಜೂಕಾಗಿ ಹೇಳಿರಲಿಲ್ಲ.

ಶುರುವಿನಲ್ಲಿ ಸೊಂಟ 37, ಸೀಟು 43.5, ಕತ್ತು 13.5 ಇಂಚು. ಲೆಕ್ಕದಲ್ಲಿ 43. ಈಗ 33.5, 40.5, 13. ಲೆಕ್ಕದಲ್ಲಿ 37ಕ್ಕೆ ಸ್ವಲ್ಪ ಕಮ್ಮಿ. ಮನೆಯ ಮಷೀನಿಗೂ ಇದಕ್ಕೂ ತಾಳೆ ಇಲ್ಲ, ಇರಬೇಕಾಗಿಯೂ ಇಲ್ಲ. ಎರಡೂ ಇಳಿಯುತ್ತಿವೆ, ನನಗೆ ಅಷ್ಟು ಸಾಕು. ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ ಅನ್ನುತ್ತಾರೆ. ನನಗೆ ಅದು 81 ಸೆಂಟಿಮೀಟರ್, ಈಗ 85. ಇನ್ನು ನಾಲ್ಕು ಬಾಕಿ.

ಮಷೀನನ್ನು ಬಿಸಾಡಿಲ್ಲ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಟಾಯ್ಲೆಟ್ಟಿಗೆ ಹೋಗಿ ಬಂದ ಮೇಲೆ, ನೀರು ಕುಡಿಯುವ ಮೊದಲು ಹತ್ತುತ್ತೇನೆ. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಹತ್ತಲ್ಲ, ಆಗ ಮೈಯಲ್ಲಿ ನೀರು ನಿಲ್ಲುತ್ತದೆ. ಸಂಜೆ ಹತ್ತಿದರೆ ಒಂದೆರಡು ಶೇಕಡಾ ಕಮ್ಮಿಯೇ ತೋರಿಸುತ್ತದೆ, ದಿನವೆಲ್ಲ ನಿಂತು ಓಡಾಡಿ ಕಾಲಿಗೆ ನೀರು ಇಳಿದಿರುವುದರಿಂದ. ಬೇಜಾರಾದ ದಿನ ಸಂಜೆ ಹತ್ತಿ ಖುಷಿಪಟ್ಟದ್ದೂ ಉಂಟು, ಸುಳ್ಳು ಹೇಳಲ್ಲ.

ಮೊನ್ನೆ ಅಮ್ಮ ಟೇಪನ್ನು ಉಕ್ಕಿನ ಅಳತೆಪಟ್ಟಿಯ ಪಕ್ಕ ಹಿಡಿದು ನೋಡಿ ನಕ್ಕರು. ಹಳೇ ಬಟ್ಟೆ ಟೇಪು, ಎಳೆದೂ ಎಳೆದೂ ಸಡಿಲವಾಗಿದೆ. ನಲವತ್ತು ಇಂಚಿಗೆ ಕಾಲು ಇಂಚು ಹಿಗ್ಗಿದೆ. ಅಂದರೆ ಏಳು ತಿಂಗಳೂ ನನ್ನ ಸೊಂಟವನ್ನು ಅದು ಚೂರು ಸಣ್ಣದಾಗಿಯೇ ಹೇಳುತ್ತಾ ಬಂದಿದೆ. ‘ಬಿಸಾಕು, ಹೊಸದು ತಗೊಳ್ಳೋಣ’ ಅಂದರು. ಬೇಡ ಅಂದೆ. ಮೊದಲನೇ ದಿನದ ಅಳತೆಯೂ ಇದರದ್ದೇ ಅಲ್ವಾ, ಮುಂದಿನದೂ ಇದರಲ್ಲೇ ಆಗಲಿ.

‘ನಿನ್ನ ಸೊಂಟಕ್ಕೆ ಸರಿ’ ಅಂದರು ಅಮ್ಮ. ‘ಬಟ್ಟೆ ಹೊಲಿಯೋಕೆ ಮಾತ್ರ ಇದನ್ನ ಮುಟ್ಟಬೇಡ.’