‘ಕ್ಯಾಶ್‌ಲೆಸ್ ಯಾಕ್ ಬಂದ್ ಮಾಡೀರಿ, ಡಾಕ್ಟ್ರ?’

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನದೊಂದು ಹತ್ತು ಹಾಸಿಗೆಯ ನರ್ಸಿಂಗ್ ಹೋಮ್. ಪೇಷಂಟಿನ ಬಿಲ್ಲನ್ನು ವಿಮಾ ಕಂಪನಿಯೇ ಸೀದಾ ನಮಗೆ ಕಟ್ಟುವ ‘ಕ್ಯಾಶ್‌ಲೆಸ್’ ವ್ಯವಸ್ಥೆಯನ್ನು ಬಿಟ್ಟಿದ್ದೇನೆ. ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡು ನಡೆಯೋದಿಲ್ಲ ಅನ್ನಿಸಿಕೊಂಡವರು ಸೀದಾ ನನ್ನ ಕೋಣೆಗೇ ಬಂದು ಇದನ್ನು ಕೇಳುತ್ತಾರೆ. ‘ರೊಕ್ಕ ಸಾಲಲಿಲ್ಲೇನ್ರಿ?’ ಅಂತ ನಗುತ್ತಲೇ ಚುಚ್ಚುವವರೂ ಇದ್ದಾರೆ. ರೊಕ್ಕದ ಮಾತು ಪೂರಾ ಸುಳ್ಳೂ ಅಲ್ಲ. ಒಂದೊಂದು ಆಪರೇಷನ್ನಿಗೆ ಇಷ್ಟು ಅಂತ ಕಂಪನಿ ಕೊಡುವ ಪ್ಯಾಕೇಜ್ ರೇಟು ವರ್ಷಗಟ್ಟಲೆ ಇದ್ದಲ್ಲೇ ಇತ್ತು. ಅದರಲ್ಲೂ ಅಷ್ಟಿಷ್ಟು ಕತ್ತರಿಸಿ ಉಳಿದದ್ದು ಕೈಸೇರಲು ಎರಡು-ಮೂರು ತಿಂಗಳು. ನರ್ಸ್‌ಗಳ ಪಗಾರಕ್ಕೆ ಮಾತ್ರ ಒಂದನೇ ತಾರೀಖು ತಪ್ಪುವಂತಿಲ್ಲ. ಆದರೂ ಬಿಟ್ಟದ್ದು ಅದಕ್ಕಲ್ಲ.

ನವಲಗುಂದದ ಕಡೆಯ ಅಜ್ಜ ಒಬ್ಬರು ಹರ್ನಿಯಾ ತೋರಿಸಲು ಬಂದಿದ್ದರು. ‘ಯಾವಾಗಿಂದ ಐತ್ರಿ ಅಜ್ಜಾರ?’ ಅಂದೆ. ‘ಮನಿ ಕಟ್ಟಿಸಿದಾಗಿಂದ ಐತ್ರಿ.’ ಮನೆ ಕಟ್ಟಿಸಿದ ವರ್ಷ ಕೇಳಿಕೊಂಡು ಕೇಸ್ ಶೀಟಿನಲ್ಲಿ ‘ಸುಮಾರು 4 ವರ್ಷ’ ಅಂತ ಬರೆದೆ. ಪಾಲಿಸಿಗೆ ಆಗಿದ್ದು ಎರಡೂವರೆ ವರ್ಷ. ಪಾಲಿಸಿ ತಗೊಂಡ ಮೇಲೆ ಹರ್ನಿಯಾದ ಖರ್ಚು ಸಿಗಲು 2 ವರ್ಷ ಕಾಯಬೇಕು ಅನ್ನುವ ಅವಧಿಯೇನೋ ಮುಗಿದಿತ್ತು. ಆದರೆ ಬೇನೆ ಪಾಲಿಸಿಗಿಂತ ಮೊದಲೇ ಇತ್ತು, ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ನನ್ನ ಆ ಒಂದು ಸಾಲು ಹಿಡಿದು ಕ್ಲೇಮು ತಿರಸ್ಕರಿಸಿತು. ಅಜ್ಜಾರಿಗೆ ಅದು ಮುಚ್ಚಿಡುವಂಥ ಬೇನೆ ಅಂತಲೇ ಗೊತ್ತಿರಲಿಲ್ಲ. ಮಗ ಬಂದು ಕೈಮುಗಿದ: ‘ಒಂದ್ ಅಂಕಿ ಅಷ್ಟರಿ ಸರ್, ನಾಕಿದ್ದದ್ದು ಎರಡು ಮಾಡ್ರಿ.’

ಮಾಡಲಿಲ್ಲ. ಆದರೆ ಮರುವಾರ ಇನ್ನೊಬ್ಬ ಪೇಷಂಟಿಗೆ ‘ಇತ್ತೀಚಿಗೇ ಶುರು ಆಗಿದ್ದಲ್ರೀ?’ ಅಂತ ಕೇಳಿದೆ. ಉತ್ತರ ನಾನೇ ಬಾಯಿಗಿಟ್ಟಿದ್ದೆ! ಕೇಸ್ ಶೀಟು ಇರುವುದು ನಾಳೆ ಆ ಪೇಷಂಟನ್ನು ನೋಡುವ ಡಾಕ್ಟರಿಗೆ. ನಾನು ಎಲ್ಲೋ ಕೂತ ಕ್ಲೇಮು ಗುಮಾಸ್ತನಿಗೆ ಬರೆಯತೊಡಗಿದ್ದೆ. ಅವತ್ತೇ ತೀರ್ಮಾನಿಸಿದೆ.

ಡಿಸ್ಚಾರ್ಜಿನ ಕಥೆ ಬೇರೆ. ಕೊನೇ ಬಿಲ್ಲಿಗೆ ಕಂಪನಿ ಮೂರು ತಾಸಿನೊಳಗೆ ಅನುಮತಿ ಕೊಡಬೇಕು ಅಂತ ವಿಮಾ ಪ್ರಾಧಿಕಾರ 2024ರಲ್ಲೇ ಹೇಳಿದೆ. ನಮ್ಮಲ್ಲಿ ಮುಂಜಾನೆ ಹೊಲಿಗೆ ನೋಡಿ ‘ಹೋಗ್ರಿ’ ಅಂದವರು ಊರಿನ ಕೊನೇ ಬಸ್ಸು ತಪ್ಪಿಸಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದರು.

ಈಗ ಆಪರೇಷನ್ನಿಗೆ ಮೊದಲೇ ಖರ್ಚು ಬರೆದು ಕೊಡುತ್ತೇನೆ. ಬಿಲ್ಲು, ರಸೀದಿ, ಡಿಸ್ಚಾರ್ಜ್ ಸಮರಿ, ಹರ್ನಿಯಾಕ್ಕೆ ಒಳಗೆ ಹಾಕಿ ಹೊಲಿಯುವ ಬಲೆ, ಅಂದರೆ ಮೆಶ್, ಅದರ ಡಬ್ಬಿಯ ಸ್ಟಿಕರ್ ಸಹಿತ ಫೈಲು ಮಾಡಿ ಕೊಡುತ್ತೇವೆ. ಕಂಪನಿಯಿಂದ ರೊಕ್ಕ ವಾಪಸ್ ತಗೊಳ್ಳುವುದು ಅವರಿಗೆ ಬಿಟ್ಟದ್ದು. ಇದರಲ್ಲಿ ನ್ಯಾಯ ಪೂರ್ತಿ ನನ್ನ ಕಡೆಗಿಲ್ಲ. ಮೊದಲು ನಲವತ್ತು ಸಾವಿರ ಹೊಂದಿಸಲು ಬಂಗಾರ ಅಡವಿಡುವವರಿದ್ದಾರೆ. ಬಿಪಿಎಲ್ ಕಾರ್ಡಿನವರಿಗೆ ಸರಕಾರದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ ಅಂತ ಇಲ್ಲಿನ ಸರಕಾರಿ ಆಸ್ಪತ್ರೆ ಕಿಮ್ಸ್‌ಗೆ ಚೀಟಿ ಬರೆದು ಕಳಿಸುತ್ತೇನೆ. ನಡುವಿನವರಿಗೆ ಏನು ಹೇಳಲಿ?

ಮೊನ್ನೆ ಅದೇ ಅಜ್ಜಾರು ಇನ್ನೊಂದು ಬದಿಯ ಹರ್ನಿಯಾ ತೋರಿಸಲು ಬಂದಿದ್ದರು. ಯಾವಾಗಿಂದ ಐತ್ರಿ ಅಂದೆ. ಮೊದಲು ಮಗನ ಮುಖ ನೋಡಿದರು.