ನಾಲ್ಕು ತಂತಿಯ ಗಿಟಾರ್, ಬಿಳಿ 5ರ ಷಡ್ಜ

ನನ್ನ ತಂಗಿಯ ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಹಾರ್ಮೋನಿಯಂ ಮುಂದೆ ಕೂತರೆ ಏಳುವುದೇ ಇಲ್ಲ. ಆದರೆ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ 36 ಇಂಚಿನ ಅಗ್ಗದ ಗಿಟಾರ್ ಮಾತ್ರ ಗೋಡೆಗೆ ಒರಗಿಯೇ ಇತ್ತು. ಯಾಕೆ ಬಾರಿಸುವುದಿಲ್ಲ ಎಂದು ಕೇಳಿದರೆ, "ಮಾಮಾ, ಇದರಾಗ ಸಾ ಎಲ್ಲೈತಿ?" ಅಂದಳು.

ಸರಿಯಾದ ಪ್ರಶ್ನೆ. ಗಿಟಾರಿನ ತಂತಿಗಳನ್ನು ಖಾಲಿ ಮೀಟಿದರೆ ಇ, ಎ, ಡಿ, ಜಿ, ಬಿ, ಇ. ಒಂದರಿಂದ ಇನ್ನೊಂದಕ್ಕೆ ಸಾ-ಮ ಅಂತರ. ಜಿ-ಬಿ ನಡುವೆ ಮಾತ್ರ ಸಾ-ಗ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದರಲ್ಲಿ ನೆಲೆ ಸಿಗುವುದು ಕಷ್ಟ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಈ ಕಡೆ ಮಕ್ಕಳು ಮೊದಲು ಕೇಳುವುದೇ ಸಾ ಮತ್ತು ಪ.

ಟೆನರ್ ಗಿಟಾರ್ ಎಂಬುದೊಂದಿದೆ. 1920ರ ದಶಕದಲ್ಲಿ ಅಮೆರಿಕದ ಕಂಪನಿಗಳು ನಾಲ್ಕು ತಂತಿಯ ಬ್ಯಾಂಜೊ ಬಾರಿಸುವವರಿಗಾಗಿ ಮಾಡಿದ್ದು. ಅವರು ಬೆರಳಿನ ಅಭ್ಯಾಸ ಬದಲಿಸದೆ ಗಿಟಾರಿಗೆ ಬರಲಿ ಎಂಬುದು ಉದ್ದೇಶ. ಅದರಲ್ಲಿ ಪ್ರತಿ ತಂತಿಯೂ ಹಿಂದಿನ ತಂತಿಯ ಪಂಚಮ. ಮ್ಯಾಂಡೊಲಿನ್, ಪಾಶ್ಚಾತ್ಯ ಪಿಟೀಲಿನಲ್ಲಿರುವ ಲೆಕ್ಕವೇ. ಟೆನರ್ ಗಿಟಾರಿನ ತಂತಿ ಮಿಡಿಯುವ ಉದ್ದ ಸುಮಾರು 23 ಇಂಚು. ನಮ್ಮ ಹುಡುಗಿಯ ಗಿಟಾರ್ ಅಳೆದೆ. 58 ಸೆಂಟಿಮೀಟರ್! ಹೆಚ್ಚುಕಡಿಮೆ ಅಷ್ಟೇ. ಖುಷಿಯಾಯಿತು.

ಆ ಭಾನುವಾರ ಮಳೆ ಹಿಡಿದಿತ್ತು. ಬೆಳಗಾವಿ ಶಹಾಪುರದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ಮೊದಲು ಆರೂ ತಂತಿ ಬಿಚ್ಚಿದೆ. ಬಿರಡೆಗಳು ಒಂದು ಪಟ್ಟಿಗೆ ಮೂರರಂತೆ ಇರುತ್ತವೆ, ಬೇಡದ್ದನ್ನು ಮಾತ್ರ ತೆಗೆಯಲು ಬರುವುದಿಲ್ಲ. ನಡುವಿನ ಎರಡನ್ನು ಖಾಲಿ ಬಿಟ್ಟು ಸ್ಕ್ರೂ ಬಿಗಿ ಮಾಡಿದೆ. ಸಡಿಲ ಬಿಟ್ಟರೆ ಗುಂಯ್ ಅನ್ನುತ್ತವೆ.

ನಾಜೂಕಿನ ಕೆಲಸ ಅಂದರೆ ನಟ್. ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಆ ಸಣ್ಣ ಪಟ್ಟಿ. ಹಳೆಯದರಲ್ಲಿ ಆರು ಗೀರು, ಅದೂ ಪ್ಲಾಸ್ಟಿಕ್. ಗೆಳೆಯನೊಬ್ಬ ಮಿರಜದಿಂದ ಸಿತಾರ್ ಕುದುರೆಗೆ (ಬುರುಡೆಯ ಮೇಲೆ ತಂತಿ ಹೊರುವ ತುಂಡು) ಬಳಸುವ ಮೂಳೆಯ ತುಂಡು ತಂದುಕೊಟ್ಟಿದ್ದ. ಸಿತಾರ್, ತಂಬೂರಿ ಮಾಡುವವರ ಊರು ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ ಇರುವುದು ನಮ್ಮ ಪುಣ್ಯ. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ.

ಆರು ತಂತಿಯ ಜಾಗಕ್ಕೆಲ್ಲ ನಾಲ್ಕನ್ನು ಹರಡಿದರೆ ಮಕ್ಕಳ ಬೆರಳು ಎಟುಕುವುದಿಲ್ಲ. ಹಾಗಾಗಿ ಕುದುರೆಯಲ್ಲಿ ನಡುವಿನ ನಾಲ್ಕು ತೂತು ಮಾತ್ರ ಬಳಸಿ, ಅದಕ್ಕೆ ಸರಿಯಾಗಿ ಮೂಳೆಯ ಮೇಲೆ ಗೀರು ಹಾಕಿದೆ. ಸಣ್ಣ ಅರದಿಂದ ಸ್ವಲ್ಪ ಉಜ್ಜುವುದು, ತಂತಿ ಕೂಡಿಸಿ ನೋಡುವುದು, ಮತ್ತೆ ಉಜ್ಜುವುದು. ಮೂರನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಅಲ್ಲಿಗೆ ನಿಲ್ಲಿಸಬೇಕು. ಗೀರಿನೊಳಗೆ ಪೆನ್ಸಿಲ್ ಸೀಸ ಉಜ್ಜಿದರೆ ತಂತಿ ಸಲೀಸಾಗಿ ಜಾರುತ್ತದೆ. ಈ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ತಂತಿಗೆ ಬೇರೆ ಖರ್ಚಿಲ್ಲ, ಸಾದಾ ಗಿಟಾರ್ ಸೆಟ್ ಸಾಕು. ಆದರೆ ಕುತ್ತಿಗೆ ಗಿಡ್ಡ ಆದಷ್ಟೂ ಬಿಗಿ ಕಡಿಮೆ. ದೊಡ್ಡ ಗಿಟಾರಿನ 65 ಸೆಂಟಿಮೀಟರಿಗೆ ಹೋಲಿಸಿದರೆ 58ರಲ್ಲಿ ಐದರಲ್ಲೊಂದು ಪಾಲು ಇಳಿಯುತ್ತದೆ. ಅದಕ್ಕೇ 10ರ ಸೆಟ್ ಬಿಟ್ಟು ದಪ್ಪನೆಯ 12ರ ಸೆಟ್ ತಂದೆ. ಈ ಅಂಕಿ ಅಂದರೆ ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ಗಿಟಾರಿನವರು ಸಣ್ಣ ತಂತಿಯಿಂದ ಎಣಿಸುತ್ತಾರೆ. ಹಾಗೆ ಐದನೇ ತಂತಿಯನ್ನು ಎ ಬಿಟ್ಟು ಜಿಗೆ ಇಳಿಸಿದೆ. ನಾಲ್ಕನೆಯದು ಡಿ, ಹಾಗೇ ಇರಲಿ. ಎರಡನೆಯದನ್ನು ಬಿ ಬಿಟ್ಟು ಎಗೆ ತಂದೆ. ಮೊದಲನೆಯದು ಇ, ಅದೂ ಹಾಗೇ. ಗಿಟಾರ್ ಸ್ಟೀಲ್ ತಂತಿಗೆಂದೇ ಮಾಡಿದ್ದು ಅಂತ ಮೊದಲೇ ನೋಡಿಕೊಂಡಿದ್ದೆ. ನೈಲಾನ್ ಗಿಟಾರಿಗೆ ಇದನ್ನು ಹಾಕಬಾರದು, ಕುದುರೆಯೇ ಕಿತ್ತು ಬಂದೀತು.

ಜಿ, ಡಿ, ಎ, ಇ. ಗುರುಗಳು ಅವಳಿಗೆ ಕೊಟ್ಟಿರುವ ಷಡ್ಜ, ಅಂದರೆ ಸಾ, ಹಾರ್ಮೋನಿಯಂನ ಐದನೇ ಬಿಳಿ ಮನೆ, ಬಿಳಿ 5. ಗಿಟಾರಿನವರ ಜಿ ಅಂದರೆ ಅದೇ. ಹಾಗಾದರೆ ನಾಲ್ಕು ಖಾಲಿ ತಂತಿ ಏನು ಹೇಳುತ್ತವೆ? ಸಾ, ಪ, ರಿ, ಧ. ಭೂಪ್ ರಾಗದ ಐದು ಸ್ವರಗಳಲ್ಲಿ ನಾಲ್ಕು, ಬೆರಳು ಒತ್ತದೆಯೇ! ಗಾಂಧಾರ ಒಂದೇ ಬಾಕಿ. ಅದು ಎ ತಂತಿಯ ಎರಡನೇ ಫ್ರೆಟ್ಟಿನಲ್ಲಿ ಸಿಗುತ್ತದೆ.

ಅವಳಿಗೆ ಹೇಳಿಕೊಡುವುದೇನೂ ಉಳಿಯಲಿಲ್ಲ. ತಾನೇ ಮೀಟುತ್ತ ಆರೋಹ ಹಾಡತೊಡಗಿದಳು. ಗಾಂಧಾರಕ್ಕೆ ಬಂದಾಗ ನಿಂತಳು. "ಮಾಮಾ, ಈ ಗ ಒಂಚೂರು ಮ್ಯಾಲೈತಿ."

ಆ ಕಿವಿಗೆ ಏನು ಹೇಳಲಿ! ಫ್ರೆಟ್‌ಗಳನ್ನು ಕೂಡಿಸುವ ಲೆಕ್ಕವೇ ಹಾಗೆ. ಅರ್ಧ ಸ್ವರವನ್ನು 100 ಪಾಲು ಮಾಡಿದರೆ, ಫ್ರೆಟ್ಟಿನ ಪಂಚಮ ಶುದ್ಧ ಪಂಚಮಕ್ಕಿಂತ ಬರೀ 2 ಪಾಲು ತಗ್ಗು. ಗಾಂಧಾರ ಮಾತ್ರ ಸುಮಾರು 14 ಪಾಲು ಜಾಸ್ತಿ. ಕಟ್ಟಿಗೆಗೆ ಹೊಡೆದ ಫ್ರೆಟ್ಟನ್ನು ಸಿತಾರಿನ ಪರದೆಯ ಹಾಗೆ ಸರಿಸಲು ಬರುವುದಿಲ್ಲ. ಅವಳೇ ದಾರಿ ಹುಡುಕಿದಳು. ನಾಲ್ಕು ಸ್ವರ ತಂತಿಗೆ, ಗ ತನ್ನ ಕಂಠಕ್ಕೆ. ನನಗಂತೂ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುತ್ತಿರಲಿಲ್ಲ.

ಈಗ ಅವಳಿಗೆ ಕರ್ನಾಟಕ ಸಂಗೀತದ ಪಿಟೀಲಿನವರ ಹಾಗೆ ಸಾ-ಪ-ಸಾ-ಪ ಬೇಕಂತೆ. ಆಗುತ್ತದೆ. ಸೆಟ್‌ನಲ್ಲಿ ಉಳಿದಿರುವ ಮೂರನೇ ತಂತಿಯ ಸಹಜ ಸ್ವರವೇ ಜಿ. ಎ ತಂತಿಯ ಜಾಗಕ್ಕೆ ಅದನ್ನು ಹಾಕಿ, ಇ ತಂತಿಯನ್ನು ಡಿಗೆ ಇಳಿಸಿದರೆ ಆಯಿತು. ಆ ತಂತಿ ಜಾಸ್ತಿ ದಪ್ಪ, ನಟ್‌ನಲ್ಲಿ ಎ ತಂತಿಯ ಗೀರನ್ನು ಇನ್ನೊಂದಿಷ್ಟು ಅಗಲ ಮಾಡಬೇಕು. ಅರ ತೆಗೆದಿಟ್ಟಿದ್ದೇನೆ.